ಕೊನೆಯ ಹಗ್ಗದ ಕೆಳಗಿನ ಕಲ್ಲು

ಬಾಯಲ್ಲಿ ಎರಡು ಕ್ಲಿಪ್ಪು, ಹೆಗಲ ಮೇಲೆ ಆಸ್ಪತ್ರೆಯ ಒದ್ದೆ ಬೆಡ್‌ಶೀಟು. ಕಲೆಯಮ್ಮ ಮೂರನೇ ಹಗ್ಗದ ನಡುವಿಗೆ ಬಂದಿದ್ದಳು. ಆಗ ಆಕಾಶದಲ್ಲಿ ಏನೋ ಒಡೆಯಿತು.

ಧಡಾರ್! ಉಸಿರು ಎಳೆದುಕೊಳ್ಳುವಷ್ಟರಲ್ಲಿ ಇನ್ನೊಂದು. ಧಡಾರ್!

ಕ್ಲಿಪ್ಪುಗಳು ಬಿದ್ದವು. ಯಾರೋ ಮೊಣಕಾಲಿನ ಹಿಂದೆ ತಟ್ಟಿದ ಹಾಗೆ ಅವಳೂ ಕುಸಿದು ಕೂತಳು. ಅಂಥ ಸದ್ದು ಕೇಳಿ ಎರಡು ವರ್ಷವಾಗಿತ್ತು. ಬೆಟ್ಟದ ಕ್ವಾರಿಯಲ್ಲಿ ಮದ್ದು ಸಿಡಿಸಿದರೆ ಹೀಗೆಯೇ ಎದೆಗೆ ಬಂದು ಬಡಿಯುತ್ತಿತ್ತು. ಆದರೆ ಕ್ವಾರಿ ಮುಚ್ಚಿದೆಯಲ್ಲ? ಅವಳ ಗಂಡ ಅಲ್ಲಿ ಸತ್ತ ದಿನವೇ ಮುಚ್ಚಿತ್ತು.

ಸದ್ದಿನ ಹಿಂದೆಯೇ ಒಂದು ಶಿಳ್ಳೆ. ಸುಯ್ಯೆಂದು, ಹತ್ತಿರ ಹತ್ತಿರ ಬರುತ್ತ. ಕೊನೆಯ ಹಗ್ಗದಲ್ಲಿ ಪರ್ರೆಂದು ಬಟ್ಟೆ ಹರಿಯಿತು. ಧಪ್!

ಆಮೇಲೆ ಏನೂ ಇಲ್ಲ. ಬಿಳಿ ಬಟ್ಟೆಗಳು ಸಾಲಾಗಿ ಅಲುಗಿದವು, ಹಿಂದೆ ಯಾರೋ ನಡೆದುಹೋದಂತೆ.

"ಗುಬ್ಬೀ!"

ಮಗಳು ಹಿಂಬಾಗಿಲ ಮೆಟ್ಟಿಲ ಮೇಲೆ ನಿಂತಿದ್ದಳು. ಎಂಟು ವರ್ಷದ ಹುಡುಗಿ. ಎರಡೂ ಕೈ ಕಿವಿಯ ಮೇಲೆ. ಅಳಲಿಲ್ಲ, ಏನಾಯಿತೆಂದು ಕೇಳಲೂ ಇಲ್ಲ. ಬೆಳಗಾದರೆ ಚಿಲಿಪಿಲಿ ಶುರು ಮಾಡುತ್ತಿದ್ದಳೆಂದು ಅವಳಪ್ಪ ಇಟ್ಟ ಹೆಸರು ಗುಬ್ಬಿ. ಅಪ್ಪ ಹೋದ ಮೇಲೆ ಹೆಸರು ಉಳಿಯಿತು, ಚಿಲಿಪಿಲಿ ಉಳಿಯಲಿಲ್ಲ. ಕಲೆಯಮ್ಮ ಅವಳನ್ನು ಅವಚಿಕೊಂಡು ತಲೆ, ಬೆನ್ನು, ಕೈಕಾಲು ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. ಎಲ್ಲಿಯೂ ಏನೂ ಆಗಿರಲಿಲ್ಲ.

ಕೊನೆಯ ಹಗ್ಗದ ಕೆಳಗೆ ಗೇಣಗಲದ ಕುಳಿ. ಅದರೊಳಗೆ ಮುಷ್ಟಿಗಿಂತ ಸ್ವಲ್ಪ ದೊಡ್ಡ ಕಲ್ಲು. ಮೈಯೆಲ್ಲ ತಳ ಹಿಡಿದ ಪಾತ್ರೆಯಂತೆ ಕಪ್ಪು. ಒಂದು ಮೂಲೆ ಒಡೆದಿತ್ತು. ಅಲ್ಲಿ ಮಾತ್ರ ಬೂದಿ ಬಣ್ಣ.

ಇಸ್ತ್ರಿಯವನು ತನ್ನ ಶೆಡ್ಡಿನಿಂದ ಓಡಿ ಬಂದ. "ಮುಟ್ಟಬೇಡಿ ಅಕ್ಕಾ! ಆಕಾಶದ್ದು ಅದು. ಟೀವೀಲಿ ತೋರಿಸ್ತಾರಲ್ಲ? ಮ್ಯೂಸಿಯಂನವರಿಗೆ ಫೋನ್ ಮಾಡೋಣ."

ಮಾವನವರೂ ಬಟ್ಟೆ ಕುದಿಸುವ ಹಂಡೆಯ ಪಕ್ಕದಿಂದ ಎದ್ದು ಬಂದರು. ಕುಳಿಯನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಹಂಡೆಯ ಕಡೆಗೆ ಹಿಂತಿರುಗಿದರು.

ಕಲೆಯಮ್ಮ ದೊಡ್ಡ ಬಟ್ಟೆಬುಟ್ಟಿಯೊಂದನ್ನು ತಂದು ಕುಳಿಯ ಮೇಲೆ ಬೋರಲು ಹಾಕಿದಳು. ಇಸ್ತ್ರಿಯವನು ಗೇಟಿಗೆ ಅಡ್ಡ ನಿಂತ, ಯಾಕೆಂದರೆ ಅಷ್ಟರಲ್ಲಿ ಬೀದಿಗೆ ಬೀದಿಯೇ ಬಂದು ನಿಂತಿತ್ತು. ಆಕಾಶ ಬಿದ್ದರೂ ಆಸ್ಪತ್ರೆಯಿಂದ ಬಟ್ಟೆಯ ಗಾಡಿ ಹನ್ನೊಂದಕ್ಕೆ ಬರುತ್ತದೆ. ಕಲೆಯಮ್ಮ ಮುಂಭಾಗದ ತೊಟ್ಟಿಗೆ ಹೋಗಿ ಒಗೆಯುವುದನ್ನು ಮುಂದುವರಿಸಿದಳು.

ಮಧ್ಯಾಹ್ನ ಮ್ಯೂಸಿಯಂನ ಮೇಡಂ ಬಂದರು. ಜೊತೆಗೆ ಒಬ್ಬ ಪೇದೆ. ಕಲೆಯಮ್ಮ ಬುಟ್ಟಿಯನ್ನು ಎತ್ತಿದಳು.

ಕುಳಿ ಇತ್ತು. ಕಲ್ಲು ಇರಲಿಲ್ಲ.

* * *

"ಬುಟ್ಟಿ ಮುಚ್ಚಿದ್ದು ಯಾರು?" ಪೇದೆ ಕೇಳಿದ. ಪೆನ್ನು ಬರೆಯುತ್ತಿರಲಿಲ್ಲ. ಎರಡು ಸಲ ಕೊಡವಿದ.

"ನಾನೇ ಸಾರ್."

"ಕಲ್ಲಿತ್ತಾ ಆಗ?"

"ಖಾಲಿ ಕುಳಿಗೆ ಬುಟ್ಟಿ ಮುಚ್ಚೋಕೆ ನನಗೇನು ಬೇರೆ ಕೆಲಸ ಇಲ್ವಾ ಸಾರ್?"

"ಹೊರಗಿನವರು ಬಂದ್ರಾ?"

"ಒಂದು ನೊಣ ಬಿಟ್ಟಿಲ್ಲ," ಎಂದ ಇಸ್ತ್ರಿಯವನು. "ಬೀದಿಯವರನ್ನೇ ಕೇಳಿ. ಗೇಟು ಬಿಟ್ಟು ಅಲ್ಲಾಡಿಲ್ಲ ನಾನು. ಟೀ ಸಹ ಗೇಟಿನ ಸಂದಿಯಿಂದಲೇ ಕುಡಿದೆ."

"ಹಾಗಾದ್ರೆ ಒಳಗಿದ್ದವರು ನಾಲ್ಕೇ ಜನ. ನೀವು, ಇವನು, ಆ ಯಜಮಾನರು, ಈ ಮಗು." ಪೇದೆ ತಟಕ್ಕನೆ ತಿರುಗಿದ. "ಏಯ್, ಕೈ ತೋರಿಸು!"

ಇಸ್ತ್ರಿಯವನ ಅಂಗೈಯಲ್ಲಿ ಹೊಸ ಬೊಬ್ಬೆ. ಕೆಂಪಗೆ ಉಬ್ಬಿತ್ತು.

"ಇದೇನಪ್ಪಾ ಇದು?"

"ಇಸ್ತ್ರಿಪೆಟ್ಟಿಗೆ ಸಾರ್. ಬೆಳಿಗ್ಗೆ ಸದ್ದಿಗೆ ಕೈ ಜಾರಿತು."

"ಜಾರಿತಾ? ಬೆಂಕಿಯ ಹಾಗೆ ಉರಿಯೋ ಕಲ್ಲನ್ನ ಎತ್ತಿದ್ದೀಯ. ಗೇಟಿಗೆ ಹೋಗೋಕೆ ಮುಂಚೆಯೇ ಎತ್ತಿದ್ದೀಯ!"

ಇಸ್ತ್ರಿಯವನ ಮುಖ ಬಿಳುಪೇರಿತು. ಅಷ್ಟರಲ್ಲಿ ಕುಳಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ ಮೇಡಂ ತಲೆ ಎತ್ತಿದರು.

"ಉರಿಯೋದಿಲ್ಲ," ಎಂದರು. "ಎಲ್ಲರೂ ಹಾಗೇ ಅಂದುಕೊಳ್ತಾರೆ. ಉಲ್ಕೆಯ ಮೇಲ್ಮೈ ಮಾತ್ರ ಕೆಲವು ಕ್ಷಣ ಕರಗುತ್ತೆ, ಅದಕ್ಕೇ ಆ ಕಪ್ಪು. ಒಳಗೆಲ್ಲ ಮೇಲಿನ ಚಳಿಯೇ ಇರುತ್ತೆ. ನೆಲಕ್ಕೆ ಬರೋ ಹೊತ್ತಿಗೆ ಬೊಬ್ಬೆ ಬರೋಷ್ಟು ಬಿಸಿ ಇರಲ್ಲ. ಈ ಬೊಬ್ಬೆ ಇಸ್ತ್ರಿಪೆಟ್ಟಿಗೆಯದೇ."

"ಬದುಕಿದೆ!" ಎಂದು ಇಸ್ತ್ರಿಯವನು ನೆಲದ ಮೇಲೇ ಕೂತುಬಿಟ್ಟ.

ಮೇಡಂ ಕುಳಿಯೊಳಗೆ ಬೆರಳಿಟ್ಟರು. ಹುಬ್ಬು ಗಂಟಾಯಿತು. "ಮಣ್ಣು ಹಸಿ ಇದೆಯಲ್ಲ?"

"ಬಟ್ಟೆ ಒಗೆಯೋ ಮನೆ ಮೇಡಂ," ಎಂದಳು ಕಲೆಯಮ್ಮ. "ಇಲ್ಲಿ ನೆಲ ಒಣಗಿದ್ದನ್ನ ನಾನು ಮದುವೆಯಾಗಿ ಬಂದಾಗಿಂದ ನೋಡಿಲ್ಲ."

ಮೇಡಂ ನಗಲಿಲ್ಲ. "ನೀರೇ ನನ್ನ ಭಯ. ಆ ಕಲ್ಲಿನೊಳಗೆ ಕಬ್ಬಿಣದ ಪುಡಿ ಪುಡಿ ಕಾಳು ಇರುತ್ತೆ. ನೆನೆದರೆ ಒಂದೇ ದಿನಕ್ಕೆ ತುಕ್ಕು ಬಿಡುತ್ತೆ. ಆಮೇಲೆ ಅದು ಏನೂ ಹೇಳೋದಿಲ್ಲ, ಬರೀ ಕಲ್ಲು. ತೆಗೆದವರು ಯಾರೇ ಆಗಿರಲಿ, ಒಣಗಿದ ಬಟ್ಟೇಲಿ ಸುತ್ತಿ ತಂದುಕೊಟ್ಟರೆ ಸಾಕು. ನಾನು ಒಂದು ಮಾತೂ ಕೇಳೋದಿಲ್ಲ."

ಕೇಳುವುದು ಪೇದೆಯ ಕೆಲಸವಾಗಿತ್ತು. ಅವನು ಹಂಡೆಯ ಕಡೆ ಹೋದ.

"ಯಜಮಾನರೇ, ಹಿಂದಕ್ಕೆ ಹೋಗಿದ್ರಾ?"

ಮಾವ ಬೆಂಕಿ ಕೆದಕುತ್ತಿದ್ದರು. ಅವರ ಬಲಗೈಯಲ್ಲಿ ಮೂರೇ ಬೆರಳು. ಉಳಿದೆರಡನ್ನು ಎಂದೋ ಮದ್ದು ತಿಂದಿತ್ತು. "ಹಂಡೆ ಬಿಟ್ಟರೆ ಬಟ್ಟೆ ಸೀಯುತ್ತೆ," ಎಂದರು. ಅಷ್ಟೇ.

ಪೇದೆ ಗುಬ್ಬಿಯ ಮುಂದೆ ಬಗ್ಗಿದ. "ಪುಟ್ಟಾ, ಬೆಳಿಗ್ಗೆಯಿಂದ ಮೆಟ್ಟಿಲ ಮೇಲೇ ಕೂತಿದ್ದೆಯಂತೆ. ಅಲ್ಲಿಂದ ಕುಳಿ ಚೆನ್ನಾಗಿ ಕಾಣುತ್ತೆ. ಯಾರು ಬಂದ್ರು? ಹೇಳು."

ಗುಬ್ಬಿ ತನ್ನ ಹೆಬ್ಬೆರಳನ್ನು ನೋಡುತ್ತ ಕೂತಳು.

"ನೀನೇ ತೆಗೆದೆಯಾ?"

ಹೆಬ್ಬೆರಳು.

"ಸರಿ. ನಾಳೆ ಒಂಬತ್ತಕ್ಕೆ ಮೇಡಂ ಜೊತೆ ಬರ್ತೀನಿ. ಆಗಲೂ ಕಲ್ಲು ಸಿಗದಿದ್ದರೆ ಈ ಮಗುವನ್ನ ಸ್ಟೇಷನ್ನಿಗೆ ಕರಕೊಂಡು ಬನ್ನಿ. ಅಲ್ಲಿ ಮಹಿಳಾ ಅಧಿಕಾರಿ ಇದ್ದಾರೆ. ಮೆತ್ತಗೆ ಕೇಳ್ತಾರೆ."

ಕಲೆಯಮ್ಮ ಮಗಳನ್ನು ತನ್ನತ್ತ ಎಳೆದುಕೊಂಡಳು. ಎರಡು ವರ್ಷದ ಹಿಂದೆಯೂ ಮೆತ್ತಗೆ ಕೇಳಿದ್ದರು. ಆ ದಿನ ಆರು ವರ್ಷದ ಗುಬ್ಬಿ ಅಪ್ಪನಿಗೆ ಊಟದ ಡಬ್ಬಿ ಹಿಡಿದು ಕ್ವಾರಿಗೆ ಹೋಗಿದ್ದಳು. ಸಿಡಿದ ಕಲ್ಲು ಅವಳಪ್ಪನ ತಲೆಗೆ ತಾಗಿದಾಗ ಅಲ್ಲೇ ಇದ್ದಳು. ಸ್ಟೇಷನ್ನಿನ ಬೆಂಚಿನ ಮೇಲೆ ನಾಲ್ಕು ಗಂಟೆ ಕೂರಿಸಿ, ಏನು ನೋಡಿದೆ, ಏನು ನೋಡಿದೆ ಎಂದು ಕೇಳಿದ್ದರು. ಹೀಗೆಯೇ ಹೆಬ್ಬೆರಳು ನೋಡುತ್ತ ಕೂತಿದ್ದ ಮಗು ಜ್ವರ ಹಿಡಿದುಕೊಂಡು ಮನೆಗೆ ಬಂದಿತ್ತು. ಹದಿನಾರು ದಿನ ಇಳಿಯಲಿಲ್ಲ.

ಪೇದೆ ಹೋದ ಮೇಲೆ ಅವಳು ಮಗಳ ಪಕ್ಕದಲ್ಲಿ ಕೂತಳು. ಹರಿದ ಬೆಡ್‌ಶೀಟು ಇನ್ನೂ ಕೊನೆಯ ಹಗ್ಗದಲ್ಲೇ ಇತ್ತು. ಗಾಳಿಗೆ ಆ ತೂತು ಬಾಯಿಯಂತೆ ತೆರೆದು ಮುಚ್ಚಿಕೊಳ್ಳುತ್ತಿತ್ತು.

"ಗುಬ್ಬೀ, ನೀನು ನೋಡಿದ್ದೀಯ ಅಲ್ವಾ?"

ಗುಬ್ಬಿ ಲಂಗದ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ಹೇಳಬೇಡ ಬಿಡು ಕಂದ. ನಿನ್ನಿಂದ ಹೇಳಿಸೋದಿಲ್ಲ. ನಾನೇ ಕಂಡುಹಿಡೀತೀನಿ."

ಗುಬ್ಬಿ ಮೊದಲ ಸಲ ತಲೆ ಎತ್ತಿ ಅಮ್ಮನ ಮುಖ ನೋಡಿದಳು. ಆ ನೋಟದಲ್ಲಿ ಬೇಡ ಎನ್ನುವುದೂ ಇತ್ತು, ಬೇಗ ಎನ್ನುವುದೂ ಇತ್ತು.

* * *

ಮರುದಿನ ಬೆಳಿಗ್ಗೆ ಕಲೆಯಮ್ಮ ಮನೆಯವರ ಬಟ್ಟೆ ಒಟ್ಟು ಮಾಡುತ್ತಿದ್ದಳು. ಊರಿನ ಕೊಳೆಯೆಲ್ಲ ತೊಳೆದ ಮೇಲೆ ಉಳಿದ ಸಮಯದಲ್ಲಿ ಮನೆಯ ಕೊಳೆ. ಮಗಳ ಲಂಗ, ತನ್ನ ಸೀರೆ, ಮಾವನ ಮಂಚದ ತಲೆದೆಸೆಯ ಮೊಳೆಯಲ್ಲಿದ್ದ ಅವರ ಟವೆಲು.

ಟವೆಲು ಒದ್ದೆಯಾಗಿತ್ತು. ಮಧ್ಯದಲ್ಲಿ ಕಂದು ಬಣ್ಣದ ಕಲೆ.

ಅವಳು ಅದನ್ನು ಬೆಳಕಿಗೆ ಹಿಡಿದಳು. ಕಲೆ ನೋಡಿ ಅದರ ಕುಲಗೋತ್ರ ಹೇಳುತ್ತಾಳೆ ಎಂದೇ ಊರು ಅವಳನ್ನು ಕಲೆಯಮ್ಮ ಎಂದು ಕರೆಯುತ್ತಿದ್ದುದು. ಆಸ್ಪತ್ರೆಯ ಹೊಸ ನರ್ಸುಗಳು ಅವಳನ್ನು ಪರೀಕ್ಷಿಸಲೆಂದೇ ಒಂದೊಂದು ಚಿಂದಿ ಕಳಿಸುತ್ತಿದ್ದರು. ಇದು ಟೀ ಕಲೆ, ಇದು ಅಯೋಡಿನ್, ಇದು ಮೊನ್ನೆಯ ರಕ್ತ.

ಇದು? ನೋಡಿದರೆ ಹಳೆಯ ರಕ್ತ. ಆದರೆ ರಕ್ತದ ಕಲೆಗೆ ಅಂಚು ಗಾಢವಾಗಿರುತ್ತದೆ. ಇದಕ್ಕೆ ಅಂಚೇ ಇಲ್ಲ. ಬದಲಿಗೆ ಸಾಸಿವೆಯಂಥ ಸಣ್ಣ ಸಣ್ಣ ಚುಕ್ಕೆಗಳು. ಒಂದೊಂದು ಚುಕ್ಕೆಯ ಸುತ್ತ ಕಿತ್ತಳೆ ಬಣ್ಣ.

ಅಡುಗೆಮನೆಗೆ ಹೋಗಿ ಕಲೆಯ ಒಂದು ಮೂಲೆಗೆ ಮಾತ್ರ ಅರ್ಧ ನಿಂಬೆಹಣ್ಣು ಹಿಂಡಿ, ಉಪ್ಪು ಉದುರಿಸಿ, ಬಿಸಿಲಿಗೆ ಇಟ್ಟಳು. ಸ್ವಲ್ಪ ಹೊತ್ತಿನಲ್ಲಿ ಅಲ್ಲಿನ ಚುಕ್ಕೆಗಳು ತಿಳಿಯಾದವು. ರಕ್ತ ನಿಂಬೆಗೆ ಬಗ್ಗುವುದಿಲ್ಲ. ಬಗ್ಗುವುದು ತುಕ್ಕು.

ಅವಳು ಹಿತ್ತಿಲಿಗೆ ಹೋದಳು. ಕುಳಿಯ ಮುಂದೆ ಕೂತಳು. ನಿನ್ನೆ ಮೇಡಂ ಬೆರಳಿಟ್ಟಲ್ಲಿ ತಾನೂ ಬೆರಳಿಟ್ಟಳು. ತಲೆ ಎತ್ತಿ ಹರಿದ ಬೆಡ್‌ಶೀಟನ್ನು ನೋಡಿದಳು.

ನಿನ್ನೆ ತಾನು ಆಡಿದ ತಮಾಷೆ ಅವಳಿಗೆ ನೆನಪಾಯಿತು.

* * *

ಒಂಬತ್ತಕ್ಕೆ ಪೇದೆ, ಮೇಡಂ ಇಬ್ಬರೂ ಬಂದರು. ಗುಬ್ಬಿ ಶಾಲೆಯ ಬಟ್ಟೆ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು, ಕರೆದಲ್ಲಿಗೆ ಹೋಗಲು ಸಿದ್ಧಳಾದವಳಂತೆ. ಮಾವ ಹಂಡೆಯ ಹತ್ತಿರ. ಇಸ್ತ್ರಿಯವನು ಶೆಡ್ಡಿನ ಬಾಗಿಲಲ್ಲಿ.

"ಮಗು ಎಲ್ಲಿಗೂ ಬರೋದಿಲ್ಲ ಸಾರ್," ಎಂದಳು ಕಲೆಯಮ್ಮ. "ನಿಮ್ಮ ಪ್ರಶ್ನೆಗೆ ನಾನೇ ಉತ್ತರ ಕೊಡ್ತೀನಿ. ಮೇಡಂ, ನಿನ್ನೆ ನೀವು ಕೇಳಿದ ಒಂದು ಮಾತನ್ನ ನಾನು ನಗೆಯಾಡಿ ಹಾರಿಸಿಬಿಟ್ಟೆ. ತಪ್ಪಾಯ್ತು."

"ಯಾವ ಮಾತು?"

"ಮಣ್ಣು ಹಸಿ ಇದೆ ಅಂದ್ರಿ. ಬಟ್ಟೆ ಒಗೆಯೋ ಮನೆ ಅಂದೆ. ದಿನಾ ನೀರಲ್ಲೇ ಇರೋ ನಮಗೆ ನೀರು ಕಣ್ಣಿಗೇ ಬೀಳೋದಿಲ್ಲ. ಆದರೆ ನಾವು ಒದ್ದೆ ಬಟ್ಟೆ ಹಾಕೋದು ಮೊದಲ ಮೂರು ಹಗ್ಗಕ್ಕೆ ಮಾತ್ರ. ಈ ಕೊನೆಯದು ಒಣಗಿದ ಬಟ್ಟೆಗೆ ಗಾಳಿ ಆಡಿಸೋ ಹಗ್ಗ. ಇಲ್ಲಿ ಒಂದು ಹನಿ ಬೀಳೋದಿಲ್ಲ. ಬೇಕಾದರೆ ಎರಡು ಹೆಜ್ಜೆ ಆಚೆ ನೆಲ ಮುಟ್ಟಿ ನೋಡಿ."

ಮೇಡಂ ಬಗ್ಗಿ ಮುಟ್ಟಿದರು. ಬೆರಳಿಗೆ ಒಣ ಧೂಳು ಅಂಟಿತು.

"ಅಂದರೆ ಕುಳಿಗೆ ಯಾರೋ ನೀರು ಹೊಯ್ದಿದ್ದಾರೆ," ಎಂದ ಪೇದೆ. "ಯಾಕೆ? ಬಿಸಿ ಇದೆ ಅಂತ ತಣಿಸೋಕಾ? ಹಾಗಾದ್ರೆ ಇಸ್ತ್ರಿಯವನೇ—"

"ಅವನು ಗೇಟು ಬಿಡಲಿಲ್ಲ ಅಂತ ಇಡೀ ಬೀದಿ ಹೇಳುತ್ತೆ. ಬುಟ್ಟಿ ಮುಚ್ಚುವಾಗ ಕಲ್ಲಿತ್ತು, ಕುಳಿ ಒಣಗಿತ್ತು. ನನ್ನ ಕಣ್ಣಾರೆ ನೋಡಿದ್ದೀನಿ. ಆಮೇಲೆ ಹಿಂದಕ್ಕೆ ಬಂದವರು ಮೊದಲು ನೀರು ಹೊಯ್ದು, ಸ್ವಲ್ಪ ಹೊತ್ತು ಬಿಟ್ಟು, ಕಲ್ಲು ಎತ್ತಿದ್ದಾರೆ. ಬಿದ್ದ ಕಲ್ಲಿಗೆ ಮೊದಲು ನೀರು ಹೊಯ್ಯೋರು ಯಾರು ಗೊತ್ತಾ ಸಾರ್? ನಾನು ನೋಡಿದ್ದೀನಿ. ಗಂಡನಿಗೆ ಊಟ ತಗೊಂಡು ಹೋದಾಗಲೆಲ್ಲ ನೋಡಿದ್ದೀನಿ. ಕ್ವಾರೀಲಿ ಮದ್ದು ಸಿಡಿದ ಮೇಲೆ ಯಾರೂ ಹತ್ತಿರ ಹೋಗಬಾರದು. ಮದ್ದಿನ ಮೇಸ್ತ್ರಿ ಒಬ್ಬರೇ ಮೊದಲು ಹೋಗಬೇಕು, ಕೈಯಲ್ಲಿ ನೀರಿನ ಬಿಂದಿಗೆ ಹಿಡಿದು. ಧೂಳು ಕೂರಲಿ, ಕಲ್ಲಿಗೆ ಅಂಟಿದ ಮದ್ದಿದ್ದರೆ ಸಾಯಲಿ ಅಂತ. ನೀರು ಹೊಯ್ದು, ಕಾದು, ಆಮೇಲೆ ಮುಟ್ಟೋದು. ಮೂವತ್ತು ವರ್ಷ ಅದನ್ನೇ ಮಾಡಿದ ಕೈ, ನಿನ್ನೆಯೂ ಅದನ್ನೇ ಮಾಡಿದೆ."

ಹಂಡೆಯ ಕೆಳಗೆ ಸೌದೆ ಚಟಪಟ ಎಂದಿತು.

ಅವಳು ಟವೆಲನ್ನು ಬಿಡಿಸಿ ತೋರಿಸಿದಳು. "ತುಕ್ಕಿನ ಕಲೆ ಮೇಡಂ. ಕಬ್ಬಿಣದ ಕಾಳು ನೆನೆದು ಬಿಟ್ಟದ್ದು." ಆಮೇಲೆ ತಿರುಗಿದಳು. ದನಿ ಎತ್ತರಿಸಲಿಲ್ಲ. "ಮಾವ, ಕಲ್ಲು ಎಲ್ಲಿದೆ?"

ಮಾವ ಎದ್ದರು. ಒಳಗೆ ಹೋದರು. ಮಂಚದ ಕೆಳಗಿನಿಂದ ಬಕೆಟ್ಟು ಎಳೆಯುವ ಸದ್ದು ಕೇಳಿತು. ಅದನ್ನು ಎರಡೂ ಕೈಯಲ್ಲಿ ಹಿಡಿದು, ತುಳುಕದಂತೆ, ಮಲಗಿದ ಮಗುವನ್ನು ತರುವ ಹಾಗೆ ತಂದು ಅಂಗಳದಲ್ಲಿ ಇಟ್ಟರು. ನೀರು ಟೀ ಬಣ್ಣಕ್ಕೆ ತಿರುಗಿತ್ತು. ಅಡಿಯಲ್ಲಿ ಕಪ್ಪು ಕಲ್ಲು.

"ನೋಡಮ್ಮ," ಎಂದರು. "ಇನ್ನೂ ಬಿಡ್ತಾ ಇದೆ. ಮೂರು ಸಲ ನೀರು ಬದಲಾಯಿಸಿದೆ. ತೊಳೆದಷ್ಟೂ ರಕ್ತ ಬಿಡ್ತಾನೇ ಇದೆ."

"ರಕ್ತ ಅಲ್ಲ ಮಾವ. ತುಕ್ಕು."

ಅವರಿಗೆ ಕೇಳಿಸಿದಂತೆ ಕಾಣಲಿಲ್ಲ. "ಆವತ್ತು ಅವನ ತಲೆಗೆ ತಾಗಿದ ಕಲ್ಲು ಸಿಗಲೇ ಇಲ್ಲ, ಅಲ್ವಾ? ಪೊಲೀಸರೂ ಹುಡುಕಿದರು, ನಾವೂ ಹುಡುಕಿದೆವು. ಎಲ್ಲಿ ಹೋಯ್ತು ಅದು? ಹಾರಿದ ಕಲ್ಲು ಎಲ್ಲಾದರೂ ಬೀಳಲೇಬೇಕಲ್ಲ? ಎರಡು ವರ್ಷ ದಿನಾ ಅದೇ ಯೋಚನೆ ನನಗೆ. ನಿನ್ನೆ ಆ ಸದ್ದು ಕೇಳಿದೆ. ಕುಳಿ ನೋಡಿದೆ. ಮೈಯೆಲ್ಲ ಮಸಿ. ಅರ್ಥವಾಯ್ತು. ಅದು ಇಳಿದೇ ಇರಲಿಲ್ಲ. ಇಷ್ಟು ದಿನ ಮೇಲೇ ಇತ್ತು. ಈಗ ನನ್ನ ಮನೆ ಹುಡುಕಿಕೊಂಡು ಬಂತು."

ಇಸ್ತ್ರಿಯವನು ಅರಿವಿಲ್ಲದೆ ಆಕಾಶದ ಕಡೆ ನೋಡಿದ. ಪೇದೆಯೂ ನೋಡಿದ.

"ಮಗೂನ ಸ್ಟೇಷನ್ನಿಗೆ ಅಂದಾಗ ಹೇಳೋಣ ಅಂತಲೇ ಇದ್ದೆ," ಎಂದರು ಮಾವ. "ನಾಲಿಗೆ ಏಳಲಿಲ್ಲ. ಇದನ್ನ ಅವಳ ಕಣ್ಣಿಗೆ ಬೀಳದ ಹಾಗೆ ತೊಳೆದು, ಚೊಕ್ಕಟ ಮಾಡಿ, ಎಲ್ಲಾದರೂ ಹೂತುಬಿಡೋಣ ಅಂದುಕೊಂಡೆ."

ಮೇಡಂ ಬಕೆಟ್ಟಿಗೆ ಕೈ ಹಾಕಿ ಕಲ್ಲನ್ನು ಎತ್ತಿಕೊಂಡರು. ಒಣ ಬಟ್ಟೆಯಲ್ಲಿ ಒತ್ತಿ ಒತ್ತಿ ಒರೆಸಿದರು. ಬೈಯಲಿಲ್ಲ. ಒಡೆದ ಮೂಲೆಯನ್ನು ಮುದುಕರ ಕಣ್ಣ ಮುಂದೆ ಹಿಡಿದರು.

"ತಾತಾ, ಸರಿಯಾಗಿ ನೋಡಿ. ಮೂವತ್ತು ವರ್ಷ ಕಲ್ಲು ಒಡೆದವರು ನೀವು. ನಿಮ್ಮ ಬೆಟ್ಟದ ಕಲ್ಲಿನೊಳಗೆ ಇಂಥ ಗುಂಡುಗುಂಡು ಕಾಳು ಎಲ್ಲಾದರೂ ನೋಡಿದ್ದೀರಾ?"

ಮಾವ ನೋಡಿದರು. ಹೆಬ್ಬೆರಳಿಂದ ಸವರಿದರು. ನಿಧಾನವಾಗಿ ತಲೆಯಾಡಿಸಿದರು. "ಇಲ್ಲ."

"ನಿಮ್ಮ ಬೆಟ್ಟ ಹುಟ್ಟೋಕೂ ಮುಂಚೆ ಹುಟ್ಟಿದ್ದು ಇದು. ಇದನ್ನ ಯಾರೂ ಸಿಡಿಸಲಿಲ್ಲ. ಯಾರ ಕೈಯೂ ಇಲ್ಲ ಇದರಲ್ಲಿ. ತಾನಾಗಿ ಬಿತ್ತು."

"ತಾನಾಗಿ," ಎಂದರು ಮಾವ. ಅವರ ಭುಜ ಇಳಿಯಿತು. ಎಷ್ಟೋ ಕಾಲದಿಂದ ಹಿಡಿದಿದ್ದ ಉಸಿರು ಹೊರಬಂದಂತೆ. "ಯಾರ ಕೈಯೂ ಇಲ್ಲ. ಅದನ್ನೇ ನಾನು ಅವತ್ತಿಂದ ಹೇಳ್ತಾ ಇರೋದು. ಮೂರು ಸೀಟಿ ಹೊಡೆದೆ. ಗಟ್ಟಿಯಾಗಿ ಕೂಗಿ ತಲೆ ಎಣಿಸಿದೆ. ಹತ್ತೊಂಬತ್ತು ಜನ. ಎಲ್ಲರೂ ಅಪಾಯದ ಗೆರೆಯಿಂದ ಆಚೆ ಇದ್ದರು. ಎಲ್ಲಾ ಸರಿ ಇತ್ತು. ಆಮೇಲೇ ತಿರುಗಿಸಿದ್ದು ಮದ್ದು ಸಿಡಿಸೋ ಹಿಡಿಯನ್ನ. ಕಲ್ಲು ತಾನಾಗಿ—"

ಮೆಟ್ಟಿಲ ಮೇಲೆ ಗುಬ್ಬಿ ಎದ್ದು ನಿಂತಳು.

ಕಲೆಯಮ್ಮ ಈ ಮಾತುಗಳನ್ನು ಎಷ್ಟು ಸಲ ಕೇಳಿದ್ದಳೋ. ಠಾಣೆಯಲ್ಲಿ, ಬಂಧುಗಳ ಮುಂದೆ, ಊಟದ ಮಧ್ಯೆ. ಸೀಟಿ, ತಲೆ, ಹತ್ತೊಂಬತ್ತು. ಪ್ರತಿ ಸಲವೂ ಅದೇ ಪದ, ಅದೇ ಸಾಲು. ಪ್ರತಿ ಸಲವೂ ಅವಳಿಗೆ ಒಂದು ಸಂಶಯ ಗಂಟಲವರೆಗೆ ಬಂದು, ಮುದುಕರ ಮೂರು ಬೆರಳಿನ ಕೈ ನೋಡಿ, ಹಿಂದಕ್ಕೆ ಹೋಗುತ್ತಿತ್ತು. ಮಗನನ್ನು ಕಳೆದುಕೊಂಡವರು ಅವರು. ಅವರನ್ನು ಏನೆಂದು ಕೇಳುವುದು? ಆದರೆ ಆ ಮಾತು ಬಂದಾಗಲೆಲ್ಲ ಗುಬ್ಬಿ ಎದ್ದು ಬೇರೆ ಕೋಣೆಗೆ ಹೋಗುತ್ತಿದ್ದಳು. ಇವತ್ತು ಹೋಗಲಿಲ್ಲ.

ಒಂದೊಂದೇ ಮೆಟ್ಟಿಲು ಇಳಿದು ಬಂದಳು. ಮೇಡಂ ಕೈಯಲ್ಲಿದ್ದ ಕಲ್ಲನ್ನು ದಾಟಿ, ಪೇದೆಯನ್ನು ದಾಟಿ, ತಾತನ ಎದುರಿಗೆ ನಿಂತಳು.

"ಗುಬ್ಬೀ—" ಎಂದಳು ಕಲೆಯಮ್ಮ. ಬೇಡ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳು ಅದನ್ನು ನುಂಗಿಕೊಂಡಳು. ಮಗಳ ಹಿಂದೆ ಬಂದು, ಎರಡೂ ಹೆಗಲ ಮೇಲೆ ಕೈಯಿಟ್ಟು ನಿಂತಳು.

ಮಗುವಿನ ದನಿ ನಡುಗಲಿಲ್ಲ.

"ತಾತಾ, ಆವತ್ತು ನಾನು ಡಬ್ಬಿ ಹಿಡ್ಕೊಂಡು ನಿನ್ನ ಪಕ್ಕದಲ್ಲೇ ನಿಂತಿದ್ದೆ. ಮೂರು ಸೀಟಿ ಕೇಳಿಸ್ತು. ಆಮೇಲೆ ಧಡಾರ್ ಅಂತು. ಮಧ್ಯದಲ್ಲಿ ಏನೂ ಕೇಳಿಸಲಿಲ್ಲ." ಅವಳು ಉಸಿರು ತೆಗೆದುಕೊಂಡಳು. "ನೀನು ನಿಜವಾಗಲೂ ಎಣಿಸಿದ್ಯಾ ತಾತಾ?"